ಹಾಲೇಶಣ್ಣನ ಎರಡು ಫಾರಂ

ಹೋದ ತಿಂಗಳು ಕಚೇರಿ ಕೆಲಸದ ಮೇಲೆ ಹೊನ್ನಾಳಿಗೆ ಹೋಗಿದ್ದೆ. ಮಧ್ಯಾಹ್ನದ ನ್ಯಾಮತಿ ಬಸ್ಸಿನಲ್ಲಿ ಸೀಟು ಇರಲಿಲ್ಲ. ಕಂಡಕ್ಟರ್ ಡ್ರೈವರ್ ಪಕ್ಕದ ಬಾನೆಟ್ ತೋರಿಸಿ ಅಲ್ಲೇ ಕೂರಲು ಹೇಳಿದ. ಬಾನೆಟ್ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ ಗೋಣಿತಟ್ಟು. ಎಂಜಿನ್ ಕಾವಿಗೆ ಆ ಗೋಣಿ ಬಿಸಿಯಾಗಿ, ಡೀಸೆಲ್ ಜೊತೆ ಸೇರಿ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಂದದ್ದೇ ನಾನು ಎದ್ದುಬಿಟ್ಟೆ. ನ್ಯಾಮತಿಯವರೆಗೂ ಕಂಬಿ ಹಿಡಿದು ನಿಂತೇ ಹೋದೆ. ಮನೆಗೆ ಬಂದವನು ಟ್ರಂಕಿನ ತಳದಿಂದ ಎಂಬತ್ತೊಂದನೇ ಇಸವಿಯ ಡೈರಿ ತೆಗೆದೆ. ಐದು ವರ್ಷದಿಂದ ಅದನ್ನು ತೆರೆದಿರಲಿಲ್ಲ.

ಆ ವರ್ಷ ನಾನು ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕಾಲೇಜಿನಲ್ಲಿ ನಮಗೆ ಪಾಠ ಹೇಳಿದ್ದ ಪ್ರೊಫೆಸರ್ ಕರೆಸಿ ಆರು ತಿಂಗಳ ಕೆಲಸವೊಂದಿದೆ ಎಂದರು. ಬಸ್ಸು, ಲಾರಿ ಡ್ರೈವರ್‌ಗಳನ್ನು ಹುಡುಕಿಕೊಂಡು ಹೋಗಿ ಪ್ರಶ್ನೆ ಕೇಳಿ ಫಾರಂ ತುಂಬಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರು. ಮಳೆಗಾಲದಲ್ಲಿ ಒಂದು ಸುತ್ತು, ದೀಪಾವಳಿ ಆದಮೇಲೆ ಅದೇ ಜನರ ಹತ್ತಿರ ಇನ್ನೊಂದು ಸುತ್ತು. ಅಪಘಾತ ಆದಮೇಲೆ ಪೊಲೀಸರು ಬರೆಯುವುದು ಇದ್ದೇ ಇದೆ, ಆಗುವ ಮುಂಚಿನದ್ದು ಡ್ರೈವರ್ ಒಬ್ಬನಿಗೇ ಗೊತ್ತಿರುತ್ತದೆ, ಅದನ್ನು ಅವನ ಬಾಯಿಂದಲೇ ಕೇಳಬೇಕು ಎನ್ನುವುದು ಅವರ ವಾದ. ನನಗೆ ಆ ಮಾತು ಬಹಳ ಹಿಡಿಸಿತು.

ಫಾರಂನಲ್ಲಿ ಇಪ್ಪತ್ತು ಪ್ರಶ್ನೆ. ಕಳೆದ ಮೂವತ್ತು ದಿನದಲ್ಲಿ ಎಷ್ಟು ಸಲ ಕುಡಿದು ಗಾಡಿ ಓಡಿಸಿದಿರಿ, ಎಷ್ಟು ಸಲ ತಿರುವಿನಲ್ಲಿ ಮುಂದಿನ ಗಾಡಿ ಹಿಂದೆ ಹಾಕಿದಿರಿ, ಬ್ರೇಕ್ ಸರಿಯಿಲ್ಲವೆಂದು ಗೊತ್ತಿದ್ದೂ ಹೊರಟಿರಿ, ತೂಕಡಿಸಿದಿರಿ. ಪ್ರತಿಯೊಂದರ ಮುಂದೆ ನಾಲ್ಕು ಮನೆ: ಒಮ್ಮೆಯೂ ಇಲ್ಲ, ಒಂದೆರಡು ಸಲ, ಹಲವು ಸಲ, ದಿನಾಲೂ. ಮೇಲ್ಗಡೆ ಅಚ್ಚಾಗಿದ್ದ ಎರಡು ಸಾಲನ್ನು ಮೊದಲು ಓದಿ ಹೇಳಬೇಕು: ನಿಮ್ಮ ಹೆಸರು ಇದರಲ್ಲಿ ಇರುವುದಿಲ್ಲ, ನೀವು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ. ಹೆಸರಿನ ಬದಲು ನಂಬರ್. ಎರಡನೇ ಸುತ್ತಿಗೆ ಅದೇ ಜನರನ್ನು ಹಿಡಿಯಬೇಕಾದ್ದರಿಂದ ಯಾವ ನಂಬರ್ ಯಾರದೆಂದು ನನ್ನ ಡೈರಿಯಲ್ಲಿ ಮಾತ್ರ ಬರೆದುಕೊಂಡೆ. ಸ್ನಾನಕ್ಕೆ ಹೋದರೂ ಡೈರಿ ಟವೆಲ್ಲಿನೊಳಗೆ ಸುತ್ತಿಕೊಂಡೇ ಹೋಗುತ್ತಿದ್ದೆ.

ಜುಲೈ ಆರು, ಸೋಮವಾರ, ಜಗಳೂರು. ಮಳೆ ಇಲ್ಲ, ಬರೀ ಗಾಳಿ, ಕಣ್ಣಿಗೆ ಮಣ್ಣು ಎಂದು ಬರೆದಿದ್ದೇನೆ. ಜನಗಣತಿ ಮುಗಿದು ನಾಲ್ಕೇ ತಿಂಗಳಾಗಿತ್ತು. ಕೈಯಲ್ಲಿ ರಟ್ಟು, ಪೆನ್ನು ಹಿಡಿದವನನ್ನು ಕಂಡು ಲಾರಿ ಸ್ಟ್ಯಾಂಡಿನಲ್ಲಿ ಒಬ್ಬ, "ಜನ ಎಣಿಸಿ ಆತು, ಈಗ ಡ್ರೈವರ್‌ಗಳ್ನ ಬ್ಯಾರೆ ಎಣಿಸಾಕೆ ಬಂದೀರೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಉತ್ತರವನ್ನೇನೋ ಎಲ್ಲರೂ ಕೊಟ್ಟರು. ಕುಡಿದಿದ್ದೀರಾ? ಒಮ್ಮೆಯೂ ಇಲ್ಲ. ತೂಕಡಿಸಿದ್ದೀರಾ? ಒಮ್ಮೆಯೂ ಇಲ್ಲ. ಬೆಳಿಗ್ಗೆ ಹತ್ತಕ್ಕೇ ಸಾರಾಯಿ ನಾರುತ್ತಿದ್ದವನೊಬ್ಬ ತನ್ನ ಲಾರಿಯ ಮಡ್‌ಗಾರ್ಡ್ ಮೇಲೆ ಕೈಯಿಟ್ಟು, ಕುಡಿದು ಓಡಿಸುವುದಿಲ್ಲ ಸಾರ್, ಓಡಿಸಿದ ಮೇಲೆ ಕುಡಿಯುತ್ತೇನೆ, ಹಂಗೇ ಬರ್ಕಳ್ರಿ ಎಂದ. ಅವನು ಆಗಷ್ಟೇ ಬಿಳಿಚೋಡಿನಿಂದ ಲೋಡು ತಂದು ಇಳಿಸಿದ್ದ. ಹಂಗೇ ಬರೆದುಕೊಂಡೆ. ಐದು ದಿನ ದುಡಿದು ಕಳಿಸಿದ ಫಾರಂಗಳಲ್ಲಿ ಮೊದಲ ಮನೆ ಬಿಟ್ಟು ಬೇರೆ ಮನೆಯಲ್ಲಿ ಟಿಕ್ ಬಿದ್ದದ್ದು ಎರಡೇ ಎರಡು, ಅವೂ ಬ್ರೇಕಿನ ಪ್ರಶ್ನೆಗೆ. ಪ್ರೊಫೆಸರ್ ಕಾರ್ಡು ಬರೆದರು: ಜಗಳೂರಿನಲ್ಲಿ ಡ್ರೈವರ್‌ಗಳಿಲ್ಲವೇ, ಬರೀ ಸಾಧುಗಳೇ ಇರುವರೇ?

ಆ ಕಾರ್ಡು ಜೇಬಿನಲ್ಲಿಟ್ಟುಕೊಂಡು ಚನ್ನಗಿರಿಗೆ ಬಂದೆ. ಅಲ್ಲಿ ಮೂರು ಬಸ್ಸಿನ ಮಾಲೀಕರೊಬ್ಬರು ತಮ್ಮ ಆಫೀಸಿನ ಹಿಂದಿನ ಕೋಣೆ ಬಿಟ್ಟುಕೊಟ್ಟರು, ಊಟಕ್ಕೂ ಮನೆಗೇ ಕರೆದರು. ಓದಿದ ಹುಡುಗ, ರಸ್ತೆ ಸುರಕ್ಷತೆಯ ಕೆಲಸ ಮಾಡುತ್ತಿದ್ದಾನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಬಸ್ಸುಗಳಲ್ಲಿ ನನಗೆ ಟಿಕೆಟ್ ಇರಲಿಲ್ಲ. ಹಾಗಾಗಿ ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಬಸ್ಸಿನ ಬಾನೆಟ್ ನನ್ನ ಜಾಗವಾಯಿತು. ಡ್ರೈವರ್ ಹಾಲೇಶಪ್ಪ, ಕಂಡಕ್ಟರ್ ಬಷೀರ್ ಸಾಬ್. ಹದಿನಾಲ್ಕು ವರ್ಷದಿಂದ ಒಂದೇ ಗಾಡಿಯ ಜೋಡಿ.

ಹಾಲೇಶಣ್ಣನಿಗೆ ನಲವತ್ತರ ಮೇಲೆ. ಕಿಟಕಿ ಕಡೆಯ ಬಲಗೈ ಬಿಸಿಲಿಗೆ ಕಪ್ಪಾಗಿ, ಎಡಗೈ ಬೇರೆ ಯಾರದೋ ಎನ್ನುವಷ್ಟು ಬೆಳ್ಳಗಿತ್ತು. ಬಷೀರಣ್ಣನ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಮನೆ ಹೆಣ್ಣು ಗೊತ್ತಾಯಿತು, ಯಾರ ಎಮ್ಮೆ ಕಳೆಯಿತು ಎಲ್ಲವನ್ನೂ ಫುಟ್‌ಬೋರ್ಡಿನಿಂದಲೇ ಮುಂದಕ್ಕೆ ಕೂಗಿ ಹೇಳುತ್ತಿದ್ದ. ನನ್ನನ್ನು ಇಬ್ಬರೂ ಮೇಷ್ಟ್ರೇ ಎನ್ನುತ್ತಿದ್ದರು. ನಾನು ಮೇಷ್ಟ್ರಲ್ಲ ಎಂದು ಎರಡು ದಿನ ಹೇಳಿ ಸುಮ್ಮನಾದೆ.

ಪ್ರೊಫೆಸರ್ ಕಾರ್ಡಿನ ವಿಷಯ ಹೇಳಿದಾಗ ಹಾಲೇಶಣ್ಣ ನಗಲಿಲ್ಲ. ಫಾರಂ ಎಲ್ಲಿ ನಿಂತು ತುಂಬಿದಿರಿ ಎಂದು ಕೇಳಿದ. ಸ್ಟ್ಯಾಂಡಿನಲ್ಲಿ, ಅವರವರ ಗಾಡಿ ಹತ್ತಿರ ಎಂದೆ.

"ಮತ್ತೆ ಹೆಂಗ್ ಹೇಳ್ತಾರ್ರೀ? ಗಾಡಿ ಮಗ್ಗುಲಲ್ಲಿ ನಿಂತು 'ಗುದ್ದಿದ್ದೆ, ಬೀಳಂಗಾಗಿತ್ತು' ಅಂತ ಯಾವ ಡ್ರೈವರ್ರೂ ಬಾಯಿ ಬಿಡಲ್ಲ. ಗಾಡಿ ಕೇಳಿಸ್ಕಂತೈತೆ. ಆಡಿದ ಮಾತು ಅದ್ರ ಮೈಗೆ ಹತ್ತುತೈತೆ. ಗಾಡಿ ಕಾಣದಂಗೆ ದೂರ ಕರ್ಕಂಡು ಹೋಗ್ರಿ."

ಬೆಳಿಗ್ಗೆ ಚಕ್ರಕ್ಕೆ ನೀರು ಹಾಕಿ, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಕೀಲಿ ತಿರುಗಿಸದ ಜನ ಅವರು. ಇದು ನನ್ನ ಪುಸ್ತಕದಲ್ಲಾಗಲಿ ಪ್ರೊಫೆಸರ್ ಪುಸ್ತಕದಲ್ಲಾಗಲಿ ಇರಲಿಲ್ಲ. ಮಾರನೆಯ ದಿನದಿಂದ ಒಬ್ಬೊಬ್ಬರನ್ನೇ ಸ್ಟ್ಯಾಂಡಿನ ಹಿಂದಿನ ಹೋಟೆಲಿಗೆ, ಗಾಡಿಗೆ ಬೆನ್ನಾಗುವ ಬೆಂಚಿಗೆ ಕರೆದೊಯ್ದೆ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಹೇಳುತ್ತಿದ್ದೆ. ಬಾಯಿ ಬಿಚ್ಚಿಕೊಂಡವು. ಕುಡಿದದ್ದು, ಕುರಿ ಮಂದೆಗೆ ನುಗ್ಗಿದ್ದು, ಸಂತೇಬೆನ್ನೂರು ಸಂತೆಯ ದಿನ ಟಾಪ್ ಮೇಲೆ ಜನ ತುಂಬಿಕೊಂಡು ಏರಿ ಮೇಲೆ ಹೊರಳಿದ್ದು. ಕತ್ತಲಗೆರೆ ಕಡೆಯ ಒಬ್ಬ ಲಾರಿಯವನು ಹೇಳುತ್ತ ಹೇಳುತ್ತ ಅತ್ತೇಬಿಟ್ಟ. ಆ ವಾರದ ಡೈರಿಯಲ್ಲಿ ನಾಲ್ಕು ಕಡ್ಡಿಗೆ ಒಂದು ಅಡ್ಡ ಕಡ್ಡಿ ಹಾಕಿ ಎಣಿಸಿದ ಗುರುತುಗಳು ಪುಟದ ತುಂಬ ಇವೆ. ಇಷ್ಟು ಸಂತೋಷದಿಂದ ನಾನು ಯಾವ ಲೆಕ್ಕವನ್ನೂ ಬರೆದಿಲ್ಲ.

ಆಗಸ್ಟ್ ಹದಿಮೂರು, ಗುರುವಾರ, ನ್ಯಾಮತಿ. ಹಿಡಿದ ಮಳೆ. ಎರಡು ಟ್ರಿಪ್ಪುಗಳ ನಡುವೆ ಹಾಲೇಶಣ್ಣ ತಾನೇ ನನ್ನನ್ನು ಮನೆಗೆ ಕರೆದ. ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ ಎರಡು ಅಂಕಣದ ಮನೆ. ಅವನ ಹೆಂಡತಿ ಗೌರಕ್ಕ ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿ ದನಕ್ಕೆ ಹುಲ್ಲು ಹಾಕಲು ಹಿತ್ತಿಲಿಗೆ ಹೋದಳು. ಕೈ ತೊಳೆದು ಬಂದವನು, ತನ್ನ ಫಾರಂ ಈಗ ತುಂಬೋಣ ಎಂದ. ಮೇಲಿನ ಎರಡು ಸಾಲು ಓದಹೊರಟರೆ ಅದು ಬೇಡ ಎಂದು ಕೈ ಅಡ್ಡ ಮಾಡಿದ.

ಕುಡಿತ, ಒಮ್ಮೆಯೂ ಇಲ್ಲ. ವೇಗ, ಒಂದೆರಡು ಸಲ. ತೂಕಡಿಕೆಗೆ ಬಂದಾಗ ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿ ದಿನಾಲೂ ಎಂದ.

ಯುಗಾದಿ ಆದಮೇಲೆ ಆ ಗಾಡಿಯ ಎರಡನೇ ಡ್ರೈವರ್ ಬಿಟ್ಟು ಹೋಗಿದ್ದ. ಮಾಲೀಕರು ಬೇರೆಯವನನ್ನು ಹಾಕಿರಲಿಲ್ಲ. ಬೆಳಗಿನ ಐದೂವರೆಯಿಂದ ರಾತ್ರಿಯ ಕೊನೆ ಟ್ರಿಪ್ಪಿನವರೆಗೆ ಒಬ್ಬನೇ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಚಾನೆಲ್ ಏರಿಯ, ನಾಲೆ ದಂಡೆ ಮೇಲಿನ ನೇರ ರಸ್ತೆ ಬಂದಾಗ ಆಗುತ್ತದೆ ಎಂದ. ಹಸಿ ಮೆಣಸಿನಕಾಯಿ ಕಚ್ಚುತ್ತಾನಂತೆ. ಬಷೀರ ಅಷ್ಟು ಕೂಗಾಡುವುದೂ ಅದಕ್ಕೇ ಅಂತೆ, ಅವನಿಗೆ ಟಿಕೆಟ್ ಹರಿಯುವುದು ಅರ್ಧ ಕೆಲಸ, ತನ್ನನ್ನು ಎಚ್ಚರ ಇಡುವುದು ಅರ್ಧ ಕೆಲಸ.

"ಕಣ್ಣು ತೆರ್ದೇ ಇರ್ತಾವೆ ಮೇಷ್ಟ್ರೇ. ಒಳಗೆ ನಾನಿರಂಗಿಲ್ಲ. ಇದು ಬಷೀರಂಗೆ ಬಿಟ್ರೆ ನಿಮಗೇ ಗೊತ್ತಿರೋದು."

ನಾನು ದಿನಾಲೂ ಎಂಬ ಮನೆಯಲ್ಲಿ ಟಿಕ್ ಹಾಕಿದೆ. ಇಡೀ ಸುತ್ತಿನಲ್ಲಿ ಆ ಪ್ರಶ್ನೆಗೆ ಆ ಮನೆಯಲ್ಲಿ ಬಿದ್ದ ಒಂದೇ ಟಿಕ್ ಅದು.

ಆ ದಿನದಿಂದ ನನಗೆ ಬಾನೆಟ್ ಮೇಲೆ ನೆಮ್ಮದಿಯಾಗಿ ಕೂರಲಾಗಲಿಲ್ಲ. ಚಾನೆಲ್ ಏರಿ ಬಂದಾಗ ಕನ್ನಡಿಯಲ್ಲಿ ಅವನ ಕಣ್ಣು ನೋಡುತ್ತಿದ್ದೆ. ತಲೆ ಮುಂದಕ್ಕೆ ಬಾಗಿದ್ದು ಹಾಗೇ ಒಂದು ಕ್ಷಣ ನಿಂತರೆ ಡೈರಿಯಲ್ಲಿ ಒಂದು ಕಡ್ಡಿ. ಹದಿನೈದು ದಿನ ಹೀಗೆ ಗೀಚಿದ್ದೇನೆ. ಬಸ್ಸಿನಲ್ಲಿ ಎಷ್ಟು ಜನ ಎಂದೂ ಪಕ್ಕದಲ್ಲೇ ಬರೆದಿದ್ದೇನೆ, ಹೈಸ್ಕೂಲು ಮಕ್ಕಳದ್ದು ಬೇರೆ ಲೆಕ್ಕ. ಆಗಸ್ಟ್ ಇಪ್ಪತ್ತೊಂಬತ್ತು, ಶನಿವಾರ, ಬಸ್ಸಿನ ಎಡಗಾಲಿ ಏರಿಯ ಅಂಚಿನ ಹುಲ್ಲಿಗೆ ಇಳಿಯಿತು. ಬಷೀರಣ್ಣ ಕೂಗಿದ, ಗಾಡಿ ಮೇಲೆ ಬಂತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಮಕ್ಕಳ ಕಾಲಂನಲ್ಲಿ ಆವತ್ತು ಹನ್ನೊಂದು ಎಂದಿದೆ.

ಭಾನುವಾರವೆಲ್ಲ ಯೋಚಿಸಿದೆ. ಸೋಮವಾರ ಊಟಕ್ಕೆ ಕೂತಾಗ ಮಾಲೀಕರಿಗೆ ಹೇಳಿದೆ. ಹೆಸರು ಹೇಳಲಿಲ್ಲ. ಡ್ರೈವರ್‌ಗಳಲ್ಲೊಬ್ಬರಿಗೆ ನಿದ್ದೆ ಸಾಲುತ್ತಿಲ್ಲ, ಇನ್ನೊಬ್ಬರನ್ನು ಹಾಕಿದರೆ ಒಳ್ಳೆಯದು ಎಂದಷ್ಟೇ ಹೇಳಿದೆ. ಅವರು ಅನ್ನ ಕಲೆಸುತ್ತಲೇ ಇದ್ದರು.

"ಹೆಸ್ರು ಕೇಳಲ್ಲ, ನಿಮ್ಮ ಮಾತು ನೀವು ಉಳಿಸ್ಕಳ್ರಿ. ಯಾವ ರೂಟು ಅಷ್ಟು ಹೇಳ್ರಿ. ಟೈಮಿಂಗ್ಸ್ ಸರಿ ಮಾಡಿಸ್ತೀನಿ."

ಫಾರಂನಲ್ಲಿ ಹೆಸರಿಗೆ ಜಾಗವಿರಲಿಲ್ಲ, ರೂಟಿಗೆ ಇತ್ತು. ಹೆಸರು ಗುಟ್ಟಿನದು, ರೂಟು ಗುಟ್ಟಿನದಲ್ಲ ಎಂದು ಎರಡು ತಿಂಗಳಿಂದ ನನ್ನ ತಲೆಯಲ್ಲಿ ಕೂತಿತ್ತು. ನ್ಯಾಮತಿ ರೂಟು ಎಂದೆ. ಆ ರೂಟಿಗೆ ಇದ್ದದ್ದು ಒಬ್ಬನೇ ಡ್ರೈವರ್. ಅದನ್ನು ನಾನೇ ನನ್ನ ಕೈಯಾರೆ ಬರೆದಿದ್ದೆ. ಹೇಳಿ ಮುಗಿಸಿ ಮಜ್ಜಿಗೆಗೆ ಕೈ ಚಾಚುವವರೆಗೂ ನನಗೆ ಹೊಳೆಯಲಿಲ್ಲ. ಒಳ್ಳೇದು ಮಾಡಿದ್ರಿ ಎಂದು ಅವರು ಎದ್ದರು.

ಸೆಪ್ಟೆಂಬರ್ ಒಂದು, ಮಂಗಳವಾರ, ಚನ್ನಗಿರಿ. ಬೆಳಗಿನ ಬಸ್ಸಿನಲ್ಲಿ ಹೊಸ ಡ್ರೈವರ್ ಕೂತಿದ್ದ. ಅವನೂ ಒಬ್ಬನೇ, ಟೈಮಿಂಗ್ಸ್ ಅದೇ. ಹಾಲೇಶಣ್ಣ ತನ್ನ ಊಟದ ಡಬ್ಬಿ, ಗಾಡಿಯೊಳಗಿಟ್ಟಿದ್ದ ದೇವರ ಪಟ ಎರಡನ್ನೂ ಒಂದು ವೈರ್ ಚೀಲಕ್ಕೆ ಹಾಕಿಕೊಂಡು ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದ. ನಾನು ಎದುರಿಗೆ ಹೋಗಿ ನಿಂತೆ. ಹೇಳಲು ಬಾಯಿ ತೆರೆದೆನೆಂದೇ ನೆನಪು. ಅಷ್ಟರಲ್ಲಿ ಅವನೇ ಮಾತಾಡಿದ.

"ಬೇಜಾರು ಮಾಡ್ಕಬ್ಯಾಡ್ರಿ ಮೇಷ್ಟ್ರೇ. ನೀವಲ್ಲ ಅಂತ ನಂಗೊತ್ತೈತೆ, ನಿಮ್ಮ ಕಾಗದದಾಗೆ ನನ್ನ ಹೆಸ್ರೇ ಇಲ್ಲಲ್ಲ. ಬಷೀರಂದೇ ಈ ಕೆಲ್ಸ. ಹದಿನಾಕು ವರ್ಷ ಒಂದು ಡಬ್ಬಿಯಾಗೆ ಉಂಡಿದ್ವಿ."

ಬಷೀರಣ್ಣ ಇಪ್ಪತ್ತು ಮಾರು ದೂರದಲ್ಲಿ ಬಸ್ಸಿನ ಬಾಗಿಲು ಹಿಡಿದು ಈ ಕಡೆಯೇ ನೋಡುತ್ತಿದ್ದ. ಬಸ್ಸು ಹೊರಟಿತು, ನಾನೂ ಹತ್ತಿದೆ. ಆವತ್ತು ಹೊನ್ನಾಳಿವರೆಗೆ ಬಷೀರಣ್ಣ ಯಾರ ಸುದ್ದಿಯನ್ನೂ ಕೂಗಲಿಲ್ಲ.

ಡ್ರೈವರ್‌ಗಳಲ್ಲಿ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಯಾರು ಹೇಳಿದ್ದೆಂದು ಅವರಿಗೆ ಗೊತ್ತಿರಲಿಲ್ಲ, ನಿದ್ದೆ ಎಂದು ಬಾಯಿಬಿಟ್ಟವನ ಕೆಲಸ ಹೋಯಿತು ಎಂದಷ್ಟೇ ಗೊತ್ತಿತ್ತು. ಹೋಟೆಲಿನ ಬೆಂಚಿಗೆ ಬರುತ್ತಿದ್ದರು, ಮಂಡಕ್ಕಿ ತಿನ್ನುತ್ತಿದ್ದರು, ಎಲ್ಲಕ್ಕೂ ಒಮ್ಮೆಯೂ ಇಲ್ಲ ಎಂದು ಹೇಳಿ ಕೈ ಒರೆಸಿಕೊಂಡು ಹೋಗುತ್ತಿದ್ದರು. ಹೊಸ ಡ್ರೈವರ್ ಇಪ್ಪತ್ತು ಪ್ರಶ್ನೆಗೂ ಒಂದೇ ಉತ್ತರ ಕೊಟ್ಟ. ಅವನ ಕಣ್ಣೂ ಚಾನೆಲ್ ಏರಿ ಮೇಲೆ ಕೆಂಪಾಗುತ್ತಿತ್ತು. ನಾನು ಅದನ್ನು ಬರೆದಿಲ್ಲ. ಸೆಪ್ಟೆಂಬರ್ ತಿಂಗಳ ಡೈರಿಯಲ್ಲಿ ತಾರೀಖು, ಊರು, ಮಳೆ ಬಂತೋ ಇಲ್ಲವೋ, ಅಷ್ಟೇ ಇದೆ.

ದೀಪಾವಳಿ ಆದಮೇಲೆ ಎರಡನೇ ಸುತ್ತು. ಹಾಲೇಶಣ್ಣ ಜಗಳೂರಿನಲ್ಲಿ ಶೇಂಗಾ ಲಾರಿ ಓಡಿಸುತ್ತಾನೆಂದು ಗೌರಕ್ಕ ಹೇಳಿದ್ದಳು. ನವೆಂಬರ್ ಎರಡನೇ ವಾರ ಅವನು ಬಿಳಿಚೋಡಿನಲ್ಲಿ ಸಿಕ್ಕ. ಹಮಾಲರು ಚೀಲ ಏರಿಸುತ್ತಿದ್ದರು. ನನ್ನನ್ನು ಕಂಡು ಅವನಿಗೆ ಆದ ಸಂತೋಷ ನೋಡಿ ನನಗೆ ಓಡಿಹೋಗಬೇಕೆನಿಸಿತು. ಅವನ ಕೆನ್ನೆಗಳು ಒಳಗೆ ಹೋಗಿದ್ದವು. ಹಿಡಿ ತುಂಬ ಶೇಂಗಾ ತಂದು ನನ್ನ ಚೀಲಕ್ಕೆ ಸುರಿದ. ಮನೆಗೆ ಹೋಗಿ ಹತ್ತೊಂಬತ್ತು ದಿನ ಆಯಿತು ಎಂದ. ಗೌರಿ ಹೆಂಗಿದಾಳೆ, ದನ ಹೆಂಗಿದಾವೆ ಎಂದು ಕೇಳಿದ. ಬಷೀರನ ಮಾತು ಎತ್ತಲಿಲ್ಲ.

ಫಾರಂ ತೆಗೆದು, ಸ್ವಲ್ಪ ಆಚೆ ಹೋಗೋಣ ಎಂದೆ. ಅವನು ಲಾರಿಯ ಟೈರಿಗೆ ಬೆನ್ನು ಕೊಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಇಲ್ಲೇ ಕೇಳ್ರಿ" ಎಂದ. ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಇಪ್ಪತ್ತಕ್ಕೆ ಇಪ್ಪತ್ತು. ತೂಕಡಿಕೆಯದ್ದನ್ನು ನಾನು ಎರಡು ಸಲ ಕೇಳಿದೆ.

"ಒಮ್ಮೆಯೂ ಇಲ್ಲ. ಬರ್ಕಳ್ರಿ ಮೇಷ್ಟ್ರೇ, ನಿಮಗೂ ಚಲೋ, ನಂಗೂ ಚಲೋ."

ಬರೆದುಕೊಂಡೆ. ಅದು ನಾನೇ ಅಣ್ಣ, ಬಷೀರಣ್ಣ ಅಲ್ಲ, ಎಂದು ಹೇಳಿಬಿಡಲು ಫಾರಂ ಮಡಿಚಿಟ್ಟೆ. ಅಷ್ಟರಲ್ಲಿ ಹಮಾಲರು ಹಗ್ಗ ಬಿಗಿದು ಆಯ್ತೆಂದು ಕೂಗಿದರು. ಅವನು ಎದ್ದು ಮುಖಕ್ಕೆ ನೀರು ಎರಚಿಕೊಂಡು ಲಾರಿ ಹತ್ತಿದ. ಇನ್ನೊಂದು ಸಲ ಬಂದಾಗ ಹೇಳಿದರಾಯಿತು ಎಂದುಕೊಂಡು ನಾನು ಜಗಳೂರು ಬಸ್ಸು ಹಿಡಿದೆ.

ಡಿಸೆಂಬರ್ ಮೊದಲ ವಾರ ಚನ್ನಗಿರಿಯ ಸ್ಟ್ಯಾಂಡಿನಲ್ಲಿ ಬಷೀರಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಹಿಂದಿನ ದಿನ ಮಧ್ಯಾಹ್ನ ಎರಡೂವರೆಗೆ, ಬಯಲು ರಸ್ತೆಯಲ್ಲಿ, ಎದುರಿಗೆ ಯಾವ ಗಾಡಿಯೂ ಇಲ್ಲದೆ ಲಾರಿ ರಸ್ತೆ ಬಿಟ್ಟು ಬೇವಿನ ಮರಕ್ಕೆ ಗುದ್ದಿತ್ತು. ಬ್ರೇಕ್ ಹಿಡಿದ ಗುರುತೇ ಇರಲಿಲ್ಲವಂತೆ. ಹಾಲೇಶಣ್ಣ ಅಲ್ಲೇ ಹೋಗಿದ್ದ. ಬಷೀರಣ್ಣ ಟಿಕೆಟ್ ಚೀಲ ಎದೆಗೊತ್ತಿಕೊಂಡು, ಪಕ್ಕದಲ್ಲಿ ಕೂಗೋರು ಯಾರೂ ಇರಲಿಲ್ಲ ಮೇಷ್ಟ್ರೇ, ಒಬ್ಬನೇ ಇದ್ದ, ಎಂದು ಅದನ್ನೇ ಹೇಳುತ್ತಿದ್ದ. ಮೂರು ತಿಂಗಳು ತನ್ನೊಂದಿಗೆ ಮಾತು ಬಿಟ್ಟಿದ್ದ, ಯಾಕೆಂದು ಕೇಳಿದರೆ ಮುಖ ತಿರುಗಿಸುತ್ತಿದ್ದ ಎಂದ. ಮಾಲೀಕರಿಗೆ ಹೇಳಿದವರು ಯಾರೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಆಗ ಅಂದುಕೊಂಡೆ.

ಡಿಸೆಂಬರ್ ಹದಿನೈದಕ್ಕೆ ಫಾರಂಗಳನ್ನೆಲ್ಲ ಕಟ್ಟಿ ಕೊಟ್ಟೆ. ಪ್ರೊಫೆಸರ್ ಕನ್ನಡಕ ಏರಿಸಿ ಒಂದೊಂದೇ ತಿರುವಿ, ಎರಡನೇ ಸುತ್ತಿನಲ್ಲಿ ಎಲ್ಲರೂ ಸುಧಾರಿಸಿದ್ದಾರೆ, ಪ್ರಶ್ನೆ ಕೇಳಿದ್ದರಿಂದಲೇ ಡ್ರೈವರ್‌ಗಳಿಗೆ ಎಚ್ಚರ ಬಂದಿರಬೇಕು ಎಂದರು. ಅಕ್ಷರ ದುಂಡಗಿದೆ, ಒಂದು ಮನೆಯೂ ಖಾಲಿ ಬಿಟ್ಟಿಲ್ಲ ಎಂದು ಮೆಚ್ಚಿದರು. ಹಾಲೇಶಣ್ಣನ ಎರಡು ಫಾರಂ ಒಂದರ ಕೆಳಗೊಂದು ಪಿನ್ ಮಾಡಿದ್ದೆ. ಅವುಗಳ ಮೇಲೂ ಅವರ ಕೆಂಪು ಪೆನ್ಸಿಲ್ ಹಾದುಹೋಯಿತು. ಈ ನಂಬರಿನವನು ಈಗಿಲ್ಲ ಎಂದೆ. ಅವರು ತಲೆಯೆತ್ತಿ, ಊರು ಬಿಟ್ಟನೇ ಎಂದು ಕೇಳಿದರು. ಹೌದು ಎಂದೆ.

ಅಲ್ಲಿಂದ ಎರಡು ದಿನಕ್ಕೆ ನ್ಯಾಮತಿಗೆ ಹೋದೆ. ಗೌರಕ್ಕನಿಗೆ ಎಲ್ಲ ಹೇಳಿಬಿಡುವುದೆಂದೇ ಹೋಗಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವಳು ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಣೆ ಬೋಳಾಗಿತ್ತು. ನನ್ನನ್ನು ನೋಡಿ ಚಾಪೆ ಹಾಸಿದಳು. ಸುಲಿದ ಸಿಪ್ಪೆಯನ್ನು ದನದ ಮುಂದೆ ಹಾಕಿ ಬಂದಳು. ಹೋದ ವಾರ ಬಷೀರ ಒಂದು ಚೀಲ ಅಕ್ಕಿ ತಂದಿದ್ದ, ಹೊಸ್ತಿಲು ದಾಟಿಸಲಿಲ್ಲ, ಹಂಗೇ ಕಳಿಸಿದೆ ಎಂದಳು. ಆಮೇಲೆ ಕೈ ಸೆರಗಿಗೆ ಒರೆಸಿಕೊಂಡು ನನ್ನ ಎದುರು ಕೂತಳು.

"ಮೇಷ್ಟ್ರೇ, ಒಂದು ಕೇಳ್ತೀನಿ, ನಿಜ ಹೇಳ್ರಿ. ಅವ್ರಿಗೆ ಸ್ಟೇರಿಂಗ್ ಮೇಲೆ ನಿದ್ದೆ ಬರ್ತಿತ್ತು ಅಂತ ಆ ಬಷೀರ ಚಾಡಿ ಹೇಳಿದ್ದು. ಊರ ಮಂದಿ ಈಗ ಅದನ್ನೇ ಆಡ್ತಾರೆ, ಮಲ್ಕಂಡು ಗುದ್ದಿದ ಅಂತ. ನಿಮ್ಮ ಕಾಗದದಾಗೆ ಹಂಗೇನಾದ್ರೂ ಬರ್ಸಿದ್ರಾ?"

ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಏನೆಂದು ಎಳೆ ಮಗುವಿಗೂ ಕಾಣುವಂತಿತ್ತು.

ಇಲ್ಲಕ್ಕ ಎಂದೆ.

"ಒಂದ್ಸಲನೂ?"

ಇಲ್ಲ ಎಂದೆ.

ಅವಳು ತಲೆಯಾಡಿಸಿದಳು. ಸುಲಿದ ಕಾಳಿದ್ದ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಂಗೊತ್ತಿತ್ತು. ಹಂಗಿದ್ದಿದ್ರೆ ನಿಮ್ಮ ಹತ್ರ ಹೇಳಿರೋರು" ಎಂದಳು.